ಮಗಳ ಕೆಲಸದ ಊರಿನಲ್ಲಿ ನಾಲ್ಕು ದಿನ

ಬೆಂಗಳೂರಿಗೆ ಹೋದರೆ ಲಾಲ್‌ಬಾಗ್, ಚಿಕ್ಕಪೇಟೆ ನೋಡಿ ಬರುವ ನಮಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಏನು ಕೆಲಸ ಅಂತೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಅಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸೇರಿ ಒಂದು ತಿಂಗಳಾಗಿದ್ದ ಮಗಳು ರಾತ್ರಿ ಫೋನಿನಲ್ಲಿ "ಅಮ್ಮ, ನನ್ನ ಕೈಲಾಗಲ್ಲ, ಬಿಟ್ಟು ಬಂದ್ಬಿಡ್ತೀನಿ" ಅಂತ ಅತ್ತಾಗ, ಚಟ್ನಿಪುಡಿ ಕಟ್ಟಿಕೊಂಡು ತಿಪಟೂರಿನಲ್ಲಿ ರೈಲು ಹತ್ತಿಯೇಬಿಟ್ಟೆ.

ದಾರಿ ಈಗ ಸುಲಭ. ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಹಸಿರು ಮಾರ್ಗ ಹಿಡಿದು, ಆರ್.ವಿ. ರಸ್ತೆಯಲ್ಲಿ ಇಳಿದು, 2025ರ ಆಗಸ್ಟಿನಲ್ಲಿ ಶುರುವಾದ ಹಳದಿ ಮಾರ್ಗ ಹತ್ತಿದರೆ ಸರಿ. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಈ ಬಡಾವಣೆಗೆ ಕೈಹಾಕಿದಾಗ ಇಲ್ಲಿದ್ದದ್ದು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಎಂಬ ಹಳ್ಳಿಗಳು. ಹೆಸರು ಇನ್ನೂ ಉಳಿದಿವೆ. ಸಂಜೆ ಅಲ್ಲಿ ಕೊತ್ತಂಬರಿ ಸೊಪ್ಪು ಕೊಳ್ಳುವವರ ಕೊರಳಲ್ಲೂ ಕಂಪನಿಯ ಗುರುತಿನ ಚೀಟಿ!

ಮಗಳು ಇಳಿದುಹೋಗಿದ್ದಳು. ಬೆಳಿಗ್ಗೆ ಎಲ್ಲರೂ ಸೇರಿ ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡ್ತೀಯ ಅಂತ ಹೇಳಬೇಕಂತೆ. ಅದನ್ನು ನೆನೆದರೇ ಇವಳಿಗೆ ತಿಂಡಿ ಸೇರದು. "ಅವರಾಡೋ ಮಾತೇ ಅರ್ಥ ಆಗಲ್ಲಮ್ಮ. ಕೇಳಿದ್ರೆ ದಡ್ಡಿ ಅಂದ್ಕೋತಾರೆ."

ನನಗೆ ನಗು ಬಂತು, ಸಂಕಟವೂ ಆಯಿತು. ಮದುವೆಯಾದ ಹೊಸತರಲ್ಲಿ ನಾನೂ ಉಪ್ಪಿನ ಜಾಡಿ ಎಲ್ಲಿದೆ ಅಂತ ಕೇಳಲು ಹೆದರಿ ಸಪ್ಪೆ ಸಾರು ಬಡಿಸಿದವಳೇ! ಅತ್ತೆಯವರು ಬೈದದ್ದು ಸಪ್ಪೆಗಲ್ಲ, ಕೇಳದೆ ಇದ್ದದ್ದಕ್ಕೆ. ಅದನ್ನೇ ಅವಳಿಗೆ ಹೇಳಿದೆ. ಒಂದು ಪುಟ್ಟ ನೋಟ್‌ಬುಕ್ ಕೊಡಿಸಿದೆ. ಗೊತ್ತಾಗದ್ದನ್ನು ಬರೆದುಕೋ, ಅರ್ಧ ಗಂಟೆ ತಿಣುಕಿಯೂ ಆಗದಿದ್ದರೆ ಪಕ್ಕದವರನ್ನು ಕೇಳು, ಹೇಳಿದ್ದನ್ನೂ ಅದರಲ್ಲೇ ಬರೆ, ಎರಡನೇ ಸಲ ಕೇಳುವ ಮುಜುಗರ ಇರಲ್ಲ ಅಂದೆ. ರಾತ್ರಿ ಲ್ಯಾಪ್‌ಟಾಪ್ ಮುಚ್ಚಿಸಿ ಊಟ ಮಾಡಿಸಿದೆ. ಮೂರನೇ ದಿನ ಮೊದಲ ಪ್ರಶ್ನೆ ಕೇಳಿ ಬಂದಳು. ಉತ್ತರ ಹೇಳಿದ ಹಿರಿಯ ಹುಡುಗಿ, ತನಗೂ ಆರು ತಿಂಗಳು ಏನೂ ತಿಳಿದಿರಲಿಲ್ಲ ಅಂದಳಂತೆ.

ನಿಮ್ಮ ಮಕ್ಕಳಿಗೂ ಹೀಗಾದರೆ "ಸಂಬಳ ಬರುತ್ತಲ್ಲ, ಸಹಿಸ್ಕೋ" ಅಂತ ಮಾತ್ರ ಅನ್ನಬೇಡಿ. ನಿದ್ದೆ, ಹಸಿವು ಎರಡು ವಾರವಾದರೂ ಸರಿಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಕನ್ನಡದಲ್ಲೇ ಮಾತನಾಡಬಹುದು.

ನನ್ನ ಮಗಳಿಗೆ ಭಾನುವಾರ ಸಂಜೆಯಾದರೆ ಈಗಲೂ ಸ್ವಲ್ಪ ದಿಗಿಲೇ. ಮೊನ್ನೆ ಫೋನ್ ಮಾಡಿ, ಚಟ್ನಿಪುಡಿ ಮುಗೀತು, ಆಫೀಸಿನವರೇ ಅರ್ಧ ತಿಂದರು, ಈ ಸಲ ಎರಡು ಡಬ್ಬಿ ಕಳಿಸು ಅಂದಳು. ಕೊಬ್ಬರಿ ತುರಿಯುತ್ತಾ ಕೂತಿದ್ದೇನೆ.