ಅಂಕಿತ ತೆಗಿ ಅಂದಿದ್ದೆ

ಹಾಡನ್ನ ಸ್ಪಾಟಿಫೈಗೆ ಹಾಕೋದು ಈಗ ಭಾಳ ಸರಳ. ಡಿಸ್ಟ್ರಿಬ್ಯೂಟರ್‌ಗೆ ವರ್ಷದ ಫೀಸು ಕಟ್ಟಿ, ಆಡಿಯೋ ಫೈಲು, ಒಂದು ಚಿತ್ರ ಅಪ್‌ಲೋಡ್ ಮಾಡಿ ಫಾರ್ಮ್ ತುಂಬಿದ್ರೆ ಮುಗೀತು. ಆ ಫಾರ್ಮಿನಲ್ಲಿ ‘ಜಾನರ್’ ಅಂತ ಒಂದು ಡ್ರಾಪ್‌ಡೌನ್ ಇರತದೆ. ನಾನೂ ನನ್ನ ಗೆಳೆಯನೂ ಎರಡು ತಿಂಗಳು ಮಾತು ಬಿಟ್ಟಿದ್ದು ಅದರ ಸಲುವಾಗಿ.

ಗೆಳೆಯ ಬೆಟಗೇರಿಯವ. ನಾನು ಶಿರಹಟ್ಟಿ ಕಡೆ ಹಳ್ಳಿಯವ. ಪಿಯುಸಿಗೆ ಬಂದಾಗ ರೂಮು ಮಾಡಿದ್ದು ಅವರ ಓಣಿಯಲ್ಲಿ. ಗದಗ ಅಂದ್ರೆ ಎಲ್ಲರಿಗೂ ವೀರೇಶ್ವರ ಪುಣ್ಯಾಶ್ರಮ, ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ನೆನಪಾಗತಾರೆ. ನನಗೆ ಮೊದಲು ನೆನಪಾಗೋದು ಚರ್ಚಿನ ಹಿಂದಿನ ಕೋಣೆ, ಐದೇ ತಂತಿ ಉಳಿದಿದ್ದ ಗಿಟಾರು. ಜಿ, ಸಿ, ಡಿ ಕಾರ್ಡ್ ಕಲಿತದ್ದು ಅಲ್ಲೇ. ಬೆಟಗೇರಿಗೆ ಬಾಸೆಲ್ ಮಿಷನ್ ಬಂದದ್ದು 19ನೇ ಶತಮಾನದಲ್ಲಿ. ಆ ಮಿಷನ್ನಿನ ಕಿಟೆಲ್ ಅಂದ್ರೆ ನಮಗೆ 1894ರ ನಿಘಂಟು ಅಷ್ಟೇ ಗೊತ್ತು. ಅದಕ್ಕೂ ಮೊದಲು, 1862ರಲ್ಲೇ ಆತ ಏಸುವಿನ ಕಥೆಯನ್ನ ನಮ್ಮ ಛಂದಸ್ಸಿಗೆ ಹೊಂದಿಸಿ ‘ಕಥಾಮಾಲೆ’ ಬರೆದಿದ್ದರು. ಜರ್ಮನಿಯಿಂದ ಬಂದವರಿಗೆ ಇಲ್ಲಿಯ ಧಾಟಿ ಬೇಕಾಗಿತ್ತು. ನಮಗೆ ಅಮೆರಿಕದ ಗಿಟಾರು ಬೇಕಾಗಿತ್ತು.

ಲ್ಯಾರಿ ನಾರ್ಮನ್ ಹಾಡು ಕೇಳಿಸಿದವ ಅವನೇ. 1969ರಲ್ಲಿ ‘ಅಪಾನ್ ದಿಸ್ ರಾಕ್’ ಆಲ್ಬಮ್ ಮಾಡಿದ, ಉದ್ದ ಕೂದಲಿನ ಮನುಷ್ಯ. ಕ್ರಿಶ್ಚಿಯನ್ ರಾಕ್ ಶುರುವಾದದ್ದೇ ಅದರಿಂದ ಅಂತ ಭಾಳ ಮಂದಿ ಹೇಳತಾರೆ. ಚರ್ಚಿನವರಿಗೆ ಅದು ಅತಿ ರಾಕ್, ರಾಕ್‌ನವರಿಗೆ ಅತಿ ಚರ್ಚು. ಕಡೆಗೆ ಸಾಲ ತಂದು ‘ಒನ್ ವೇ’ ಅಂತ ತನ್ನದೇ ಕಂಪನಿ ಮಾಡಿಕೊಂಡ. ಇಂಡಿ ಅನ್ನೋ ಶಬ್ದ ನಮ್ಮ ಬಾಯಿಗೆ ಬರೋದಕ್ಕಿಂತ ಎಷ್ಟೋ ಮೊದಲಿನ ಮಾತು ಇದು.

ನಮ್ಮ ಹಾಡಿಗೆ ಬರತೀನಿ. ಮುಂಡರಗಿ ಕಡೆ ಎರಿ ಹೊಲದಾಗ ಮಳಿ ಕಾಯೋ ಮುದುಕಿಯ ಹಾಡು. ಬರೆದವ ಅವ, ಗಿಟಾರ್ ನಂದು, ರೆಕಾರ್ಡಿಂಗ್ ನನ್ನ ಬೆಂಗಳೂರಿನ ಬೆಡ್‌ರೂಮಿನಲ್ಲಿ, ಕಿಟಕಿಗೆ ಕೌದಿ ಕಟ್ಟಿ. ಕೊನೀ ನುಡಿಯಲ್ಲಿ ಮುದುಕಿ ಏಸಪ್ಪನ ಜೋಡಿ ಜಗಳ ಮಾಡತಾಳೆ. ಹಾಡಿನ ಜೀವ ಇರೋದೇ ಅಲ್ಲಿ. ನಾನು, ಆಫೀಸಿನಲ್ಲಿ ದಿನಾ ‘ಟಾರ್ಗೆಟ್ ಆಡಿಯನ್ಸ್’ ಅನ್ನೋನು, ಅಂದೆ: “ಏಸಪ್ಪ ತೆಗದು ಸ್ವಾಮಿ ಅಂತ ಮಾಡಲೇ. ಇಲ್ಲಾಂದ್ರ ಗಾಸ್ಪೆಲ್ ಕೆಟಗರಿಗೆ ಹಾಕ್ಬೇಕಾಗತದ, ಯಾರೂ ಕೇಳಂಗಿಲ್ಲ.”

ಅವ ಸ್ವಲ್ಪ ಹೊತ್ತು ಸುಮ್ಮನಿದ್ದ. “ನೀ ಊರ ಜಾತ್ರ್ಯಾಗ ಶರೀಫಜ್ಜನ ಹಾಡು ಹಾಡತಿಯಲ್ಲ, ಶಿಶುನಾಳಧೀಶನ್ನ ತೆಗದು ಹಾಡು ನೋಡೋಣು” ಅಂದು ಫೋನ್ ಇಟ್ಟ.

ಲಕ್ಷ್ಮೇಶ್ವರದ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಶರೀಫರ ಊರು ದೂರೇನಲ್ಲ. ಮುಸಲ್ಮಾನ ಕವಿ, ಬ್ರಾಹ್ಮಣ ಗುರು, ಹಾಡಿನ ಕೊನೆಗೆ ಶಿಶುನಾಳಧೀಶ. ರಘು ದೀಕ್ಷಿತ್ 2008ರ ಮೊದಲ ಆಲ್ಬಮ್ಮಿನಲ್ಲಿ ಶರೀಫರನ್ನ ಗಿಟಾರಿಗೆ ತಂದಾಗ, ಇದು ಯಾವ ದೇವರ ಹಾಡು ಅಂತ ನಮ್ಮ ಹಾಸ್ಟೆಲಿನಲ್ಲಿ ಒಬ್ಬನೂ ಕೇಳಲಿಲ್ಲ. ಕುಣಿದ್ವಿ. ಹಂಗಾದ್ರೆ ಏಸಪ್ಪ ಅಂದ ಕೂಡಲೇ ನನಗ್ಯಾಕೆ ಮುಜುಗರ ಆಯ್ತು? ಆಡಿಯನ್ಸ್ ಅಂದದ್ದು ನೆಪ. ಆಫೀಸಿನಲ್ಲಿ ಯಾರಾದರೂ ‘ಕನ್ವರ್ಟ್ ಆದ್ಯಾ?’ ಅಂತ ಕೇಳಿಬಿಟ್ಟರೆ ಅನ್ನೋ ಹೆದರಿಕೆ ಇತ್ತು. ಇದನ್ನ ಅವನ ಮುಂದೆ ಒಪ್ಪಿಕೊಳ್ಳಾಕ ಎರಡು ತಿಂಗಳು ಬೇಕಾದವು.

ದೀಪಾವಳಿಗೆ ಊರಿಗೆ ಹೋದಾಗ ಬೆಟಗೇರಿಗೆ ಹೋಗಿ ಹೇಳಿದೆ. ಅವ ಬೈಯಲಿಲ್ಲ. ಮಿರ್ಚಿ ಭಜಿ ತರಿಸಿದ. ಆಮೇಲೆ ಗೊತ್ತಾತು, ಅವನೂ ಈ ನಡುವೆ ಹಾಡನ್ನ ತನಗೆ ಗೊತ್ತಿದ್ದ ಒಬ್ಬ ಹಿರಿಯರಿಗೆ ಕೇಳಿಸಿದ್ದನಂತೆ. “ದೇವರಿಗೆ ಹಂಗ ಎದುರು ಮಾತಾಡಬಾರದು, ಆ ಡ್ರಮ್ಮಿನ ಗದ್ದಲ ಬ್ಯಾರೆ” ಅಂದಿದ್ದರಂತೆ. ಇಬ್ಬರೂ ನಕ್ಕೆವು, ಅವ ನನಗಿಂತ ಕಡಿಮೆ ನಕ್ಕ.

ಏಸಪ್ಪನ್ನ ಹಂಗೇ ಇಟ್ಟು, ಜಾನರ್ ‘ರಾಕ್’ ಅಂತ ಹಾಕಿ ಬಿಟ್ಟೆವು. ವರ್ಷಕ್ಕೆ 1000 ಸ್ಟ್ರೀಮ್ ಆಗದ ಹಾಡಿಗೆ ಸ್ಪಾಟಿಫೈ 2024ರಿಂದ ದುಡ್ಡು ಕೊಡೋದಿಲ್ಲ. ನಮ್ಮದು ಈಗ 640ರಲ್ಲಿದೆ. ಅದರಾಗ ನೂರಾದರೂ ಅವರವ್ವ ಕೇಳಿದ್ದೇ ಇರಬೇಕು. ಕೊನೀ ನುಡಿ ಬಂದಾಗ ರೊಟ್ಟಿ ಬಡಿಯೋದು ನಿಲ್ಲಿಸತಾಳಂತೆ.