ಕುಕ್ಕರ್ ಎಷ್ಟು ಸಲ ಕೂಗಿತು?

ನಮ್ಮ ಮನೆಗಳಲ್ಲಿ ದಿನಾ ಏಳುವ ಪ್ರಶ್ನೆ ಇದು: "ಕುಕ್ಕರ್ ಎಷ್ಟು ಸಲ ಕೂಗಿತು, ಎರಡೋ ಮೂರೋ?" ಅಡುಗೆಮನೆಯ ಬಾಗಿಲಲ್ಲೇ ಕೂತವರಿಗೂ ಉತ್ತರ ಹೊಳೆಯುವುದಿಲ್ಲ. ಬೀದಿಯ ತನಕ ಕೇಳುವ ಕೂಗು ಅವರ ಕಿವಿಗೆ ಬೀಳದೆ ಇದ್ದೀತೇ? ಆ ಹೊತ್ತಿಗೆ ಫೋನಿನಲ್ಲಿ ಮಗಳ ಬಾಣಂತನದ ಮಾತು ನಡೆದಿತ್ತು, ಅಷ್ಟೆ. ಇದನ್ನು ಮರೆವು ಅಂತ ಬಯ್ಯುವವರಿದ್ದಾರೆ. ಅದು ಅನ್ಯಾಯ. ಮರೆಯಬೇಕಾದರೆ ಮೊದಲು ಮನಸ್ಸಿಗೆ ಬಂದಿರಬೇಕಲ್ಲ!

ಹೀಗೆ ಎಣಿಸುವುದೇ ಒಂದು ವಿದ್ಯೆ ಎಂದು ನಮ್ಮ ಹಿಂದಿನವರು ಬಲ್ಲರು. ಹಲವರು ಒಡ್ಡುವ ಸವಾಲುಗಳಿಗೆ ಸಭೆಯಲ್ಲೇ ಪದ್ಯ ಕಟ್ಟಿ ಉತ್ತರಿಸುವ ಅವಧಾನಗಳಲ್ಲಿ ನಡುನಡುವೆ ಗಂಟೆ ಬಾರಿಸಿ, ಕೊನೆಗೆ ಎಷ್ಟು ಸಲ ಬಾರಿಸಿತೆಂದು ಕೇಳುವ ಕ್ರಮವೂ ಉಂಟು. ಕನ್ನಡದಲ್ಲಿ ಈ ಕಲೆಗೆ ಮತ್ತೆ ಜೀವ ತುಂಬಿದವರು ಶತಾವಧಾನಿ ಆರ್. ಗಣೇಶ್; ಅವರು ನಡೆಸಿದ ಅಷ್ಟಾವಧಾನಗಳು ಸಾವಿರ ದಾಟಿವೆ. ಸುತ್ತ ಪ್ರಶ್ನೆ ಹಾಕುವ ಎಂಟು ಮಂದಿ ಪೃಚ್ಛಕರು. ಒಬ್ಬರು ಪದ್ಯವಾಗಿ ಪೂರ್ತಿಮಾಡಲು ಒಂದು ಸಾಲಿನ ಸಮಸ್ಯೆ ಕೊಡುತ್ತಾರೆ, ಇನ್ನೊಬ್ಬರು ಪದ್ಯದಲ್ಲಿ ತರಲೇಬೇಕಾದ ಪದಗಳ ದತ್ತಪದಿ. ನಿಷೇಧಾಕ್ಷರಿಯವರಂತೂ ಅಕ್ಷರ ಅಕ್ಷರಕ್ಕೂ ಅಡ್ಡಗಟ್ಟುತ್ತಾರೆ. ಅವಧಾನಿ 'ಶ್ರೀ' ಎಂದರೆ ಇವರು 'ರ' ಬೇಡ ಎನ್ನುತ್ತಾರೆ. ಶ್ರೀರಾಮನ ದಾರಿ ಮುಚ್ಚಿತು. ಛಂದಸ್ಸು ಕೆಡದಂತೆ, ಅರ್ಥ ಹಳಿ ತಪ್ಪದಂತೆ ಬೇರೆ ಅಕ್ಷರ ಹುಡುಕಬೇಕು. ಅಷ್ಟರಲ್ಲಿ ಅಪ್ರಸ್ತುತ ಪ್ರಸಂಗಿ ಬಾಯಿ ಹಾಕುತ್ತಾನೆ: "ಅವಧಾನಿಗಳೇ, ಈ ವರ್ಷ ಮಾವು ಹೇಗೆ?"

ಇದನ್ನೆಲ್ಲ ನೋಡಿದವರು, ಒಂದೇ ತಲೆಯಲ್ಲಿ ಎಂಟು ಕೆಲಸ ಒಟ್ಟಿಗೆ ಓಡುತ್ತವೆ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಸಭೆಯಲ್ಲಿ ಅವಧಾನಿಯ ಮುಖ ನೋಡಬೇಕು. ಸಮಸ್ಯೆಯ ಕಡೆ ತಿರುಗಿದರೆ ಸಮಸ್ಯೆಯೊಂದೇ. ಪದ್ಯದ ಒಂದು ಪಾದ ಹೇಳಿ ಅದನ್ನು ಮನಸ್ಸಿನಲ್ಲಿ ಎತ್ತಿಟ್ಟು, ಮುಂದಿನ ಪೃಚ್ಛಕರ ಕಡೆಗೆ ಪೂರ್ತಿಯಾಗಿ ಹೊರಳುತ್ತಾರೆ. ನಾಲ್ಕು ಸುತ್ತು ಮುಗಿದ ಮೇಲೆ ಎತ್ತಿಟ್ಟದ್ದನ್ನೆಲ್ಲ ಒಪ್ಪಿಸುವುದೇ ಧಾರಣೆ. ವರ್ಷಗಟ್ಟಲೆ ಸಾಧನೆ ಮಾಡಿದವರೂ ಒಂದು ಸಲಕ್ಕೆ ಒಂದನ್ನೇ ಹಿಡಿಯುತ್ತಾರೆ ಅಂದ ಮೇಲೆ ನಮ್ಮ ನಿಮ್ಮ ಮಾತೇನು?

ಇನ್ನು, ಒಂದನ್ನೇ ಹಿಡಿದಾಗ ಉಳಿದದ್ದು ಹೇಗೆ ಮಾಯವಾಗುತ್ತದೆ ಅನ್ನುವುದು ಮತ್ತೊಂದು ಕಥೆ. ಅಮೆರಿಕದ ಡೇನಿಯಲ್ ಸೈಮನ್ಸ್, ಕ್ರಿಸ್ಟೋಫರ್ ಶಾಬ್ರಿ 1999ರಲ್ಲಿ ಪ್ರಕಟಿಸಿದ ಪ್ರಯೋಗ ಹೆಸರಾಂತದ್ದು. ಚೆಂಡು ಎಷ್ಟು ಸಲ ಕೈ ಬದಲಾಯಿಸಿತೆಂದು ಎಣಿಸುತ್ತ ಕೂತವರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನ, ಆಟಗಾರರ ನಡುವೆ ಹಾದುಹೋದ ಗೊರಿಲ್ಲಾ ವೇಷವನ್ನು ಕಾಣಲೇ ಇಲ್ಲ. ಬೇಡದ ಕೆಲಸಕ್ಕೆ ಕೂರಿಸಿದರೆ ಹಾಗಾದೀತು ಅನ್ನಬಹುದು. ಆದರೆ 2013ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ನನ್ನನ್ನು ನಿಜಕ್ಕೂ ಕಲಕಿತು. ಶ್ವಾಸಕೋಶದ ಸ್ಕ್ಯಾನಿನಲ್ಲಿ ಗಂಟು ಹುಡುಕುವುದೇ ಕಸುಬಾದ 24 ರೇಡಿಯಾಲಜಿಸ್ಟರ ಮುಂದೆ, ಆ ಗಂಟಿಗಿಂತ 48 ಪಟ್ಟು ದೊಡ್ಡ ಗೊರಿಲ್ಲಾ ಚಿತ್ರವನ್ನು ಸೇರಿಸಿ ಇಟ್ಟರು. 20 ಮಂದಿಗೆ ಅದು ಕಾಣಲಿಲ್ಲ. ಅವರಲ್ಲಿ ಹಲವರ ಕಣ್ಣು ನೇರ ಅದರ ಮೇಲೆಯೇ ಹಾದುಹೋಗಿತ್ತು. ಅವರು ಅಜಾಗರೂಕರಲ್ಲ, ಮೈಯೆಲ್ಲ ಕಣ್ಣಾಗಿ ಹುಡುಕುತ್ತಿದ್ದವರು. ಹುಡುಕುತ್ತಿದ್ದದ್ದು ಮಾತ್ರ ಬೇರೆ.

ಇಷ್ಟೆಲ್ಲ ಹೇಳಲು ಕಾರಣ, ನಮ್ಮ ರಸ್ತೆಗಳಲ್ಲಿ ಹೆಲ್ಮೆಟ್ ಒಳಗೆ ಫೋನ್ ಸಿಕ್ಕಿಸಿಕೊಂಡು ಮಾತಾಡುತ್ತ ಹೋಗುವ ಹುಡುಗರು. ಕೈ ಎರಡೂ ಹ್ಯಾಂಡಲ್ ಮೇಲಿದೆಯಲ್ಲ ಎಂದು ಅವರ ವಾದ. ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ತಂಡ 2001ರಲ್ಲೇ ತೋರಿಸಿದ ಹಾಗೆ, ವಾಹನ ನಡೆಸುವಂಥ ಕೆಲಸದಲ್ಲಿದ್ದವರು ಫೋನಿನಲ್ಲಿ ಮಾತಾಡುವಾಗ ಸಿಗ್ನಲ್ ಗಮನಿಸದೆ ಹೋದದ್ದು ಎರಡು ಪಟ್ಟಿಗೂ ಹೆಚ್ಚು. ಫೋನ್ ಕೈಯಲ್ಲಿದ್ದರೂ ಇಲ್ಲದಿದ್ದರೂ ವ್ಯತ್ಯಾಸವಿರಲಿಲ್ಲ. ಬರೀ ರೇಡಿಯೊ ಕೇಳಿದವರಿಗೆ ಆ ತೊಂದರೆ ಆಗಲಿಲ್ಲ. ಗಮನ ಕದಿಯುವುದು ಕೈಯ ಕೆಲಸವಲ್ಲ, ಮಾತಿಗೆ ಮಾತು ಹೊಂದಿಸುವ ಕೆಲಸ.

ಆ ಹುಡುಗರಿಗೆ ಬುದ್ಧಿ ಹೇಳುವವರು ಬೇಕಾದಷ್ಟಿದ್ದಾರೆ. ನಾನು ಕೇಳಿಕೊಳ್ಳುವುದು ಈಚೆ ಕಡೆಯಿಂದ ಫೋನ್ ಮಾಡುವ ಅಪ್ಪ ಅಮ್ಮಂದಿರನ್ನು, ಆಫೀಸಿನವರನ್ನು. ಎತ್ತಿದವರ ಹಿಂದೆ ಹಾರನ್ ಸದ್ದು ಕೇಳಿದರೆ, "ಗಾಡೀಲಿದ್ದೀಯಾ? ಮನೆ ಸೇರಿ ಮಾಡು" ಅಂದು ನೀವೇ ಇಟ್ಟುಬಿಡಿ.