ಎಕ್ಸ್‌ಟ್ರಾ ಕೀಪರ್

'ಮೆರಿಟ್ ಇದ್ರೆ ಯಾರೂ ತಡೆಯಲ್ಲ' ಅಂತ ನಮಗೆ ಪಾಠ ಹೇಳೋರಿಗೆ ನಾನು ಬುಧಿ ಕುಂದರನ್ ಕಥೆ ಹೇಳ್ತೀನಿ.

ಮಂಗಳೂರಲ್ಲಿ ಹುಟ್ಟಿದ ವಿಕೆಟ್ ಕೀಪರ್. 1960ರಲ್ಲಿ ಮೊದಲ ಟೆಸ್ಟ್ ಆಡಿದಾಗ ಕೈಗೆ ಹಾಕಿದ್ದ ಗ್ಲೌಸೂ ನರೇನ್ ತಮ್ಹಾನೆಯಿಂದ ಕಡ ತಂದದ್ದು. 1964ರಲ್ಲಿ ಫಾರೂಖ್ ಎಂಜಿನಿಯರ್ ಹುಷಾರು ತಪ್ಪಿದ್ದಕ್ಕೆ ಮದ್ರಾಸ್ ಟೆಸ್ಟಿಗೆ ಕರೆ ಬಂತು. ಇಂಗ್ಲೆಂಡ್ ವಿರುದ್ಧ ಹೊಡೆದದ್ದು 192! ಆ ಸರಣಿಯಲ್ಲಿ ಒಟ್ಟು 525 ರನ್. ಆದರೂ ಜಾಗ ಗಟ್ಟಿಯಾಗಲಿಲ್ಲ. 1967ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಈ ಕೀಪರ್ ಕೈಗೆ ಹೊಸ ಚೆಂಡು ಕೊಟ್ಟು ಬೌಲಿಂಗ್ ಮಾಡಿಸಿದರು. 18 ಟೆಸ್ಟಿಗೆ ಎಲ್ಲ ಮುಗೀತು. ಆಮೇಲೆ ಸ್ಕಾಟ್ಲೆಂಡ್ ಸೇರಿದರು.

ಇದು ಜಾತಿಯ ಕಥೆ ಅಂತ ನಾನು ಹೇಳ್ತಿಲ್ಲ. 525 ರನ್ನಿಗೇ ಈ ಗತಿಯಾದರೆ, ಜಾತಿಯೂ ಅಡ್ಡ ನಿಂತಾಗ? ಧಾರವಾಡದಲ್ಲಿ ಹುಟ್ಟಿದ ದಲಿತ ಬೌಲರ್ ಪಾಲ್ವಂಕರ್ ಬಾಲೂ 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದರು. ಹಿಂದೂ ತಂಡದ ನಾಯಕತ್ವ ಮಾತ್ರ ಸಿಗಲೇ ಇಲ್ಲ.

ಮಂಡಗದ್ದೆ ಕಡೆ ಟೂರ್ನಮೆಂಟಲ್ಲಿ ನಮ್ಮ ಕೇರಿ ಹುಡುಗ್ರು ಇವತ್ತಿಗೂ 'ಎಕ್ಸ್‌ಟ್ರಾ'. ತುಂಗೆಗೆ ಬಿದ್ದ ಚೆಂಡು ತರೋಕೆ ಮಾತ್ರ ಬೇಕು.

ತಮ್ಮಂದಿರಾ, ಬೆಂಚು ನಿಮ್ಮ ಯೋಗ್ಯತೆಯ ಅಳತೆ ಅಲ್ಲ. ಟೀಮ್ ಆರಿಸೋ ಜಾಗದಲ್ಲಿ ನಾವೂ ಕೂರಬೇಕು.

ಜೈ ಭೀಮ್.